ಅಧಿಗಣಿತ: ಪದದ ಅರ್ಥ ಮತ್ತು ಬಳಕೆ

ಗಣಿತದ ಸಿದ್ಧಾಂತಗಳನ್ನೂ ಅವುಗಳೊಳಗಿನ ಸಾಧನೆಗಳನ್ನೂ ಅಧ್ಯಯನದ ವಸ್ತುವಾಗಿ ಇಟ್ಟುಕೊಂಡು, ಅವುಗಳ ಬಗ್ಗೆ ಗಣಿತದ ಕ್ರಮದಲ್ಲಿಯೇ ವಿಚಾರ ನಡೆಸುವ ಶಾಸ್ತ್ರಕ್ಕೆ ಅಧಿಗಣಿತ ಎಂದು ಹೆಸರು. ಯೂರೋಪಿನ ಭಾಷೆಗಳಲ್ಲಿ ಇದು ಮೆಟಾಮ್ಯಾಥಮ್ಯಾಟಿಕ್ಸ್. ಸಂಖ್ಯಾಸಿದ್ಧಾಂತದ ವಸ್ತು ಸಂಖ್ಯೆ. ರೇಖಾಗಣಿತದ ವಸ್ತು ಬಿಂದು, ರೇಖೆ, ಆಕೃತಿ. ಅಧಿಗಣಿತದ ವಸ್ತು ಸ್ವಯಂಸಿದ್ಧ, ಸೂತ್ರ, ಸಾಧನೆ. ‘ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ’ ಎಂಬುದು ಗಣಿತದ ಮಾತು. ‘ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂಬುದನ್ನು ಅಂಕಗಣಿತಕ್ಕೆ ಪೆಯಾನೊ ಕೊಟ್ಟ ಸ್ವಯಂಸಿದ್ಧಗಳಿಂದ ಸಾಧಿಸಬಹುದು’ ಎಂಬುದು ಅಧಿಗಣಿತದ ಮಾತು. ಮೊದಲನೆಯದು ಸಂಖ್ಯೆಗಳ ವಿಚಾರ, ಎರಡನೆಯದು ಒಂದು ಸಾಧನೆಯ ಇರವಿನ ವಿಚಾರ.

ಗಣಿತದ ಆಧಾರಗಳ ಬಗ್ಗೆ ಆಡುವ ಎಲ್ಲ ಮಾತಿಗೂ ಈ ಹೆಸರನ್ನು ಹಚ್ಚುವ ರೂಢಿಯಿದೆ. ಆದರೆ ಸಂಖ್ಯೆಗಳು ಮನಸ್ಸಿನಾಚೆ ಇವೆಯೆ, ಗಣಿತದ ಸತ್ಯ ಎಂದರೇನು ಎಂಬ ಪ್ರಶ್ನೆಗಳು ಗಣಿತದ ತತ್ತ್ವಶಾಸ್ತ್ರಕ್ಕೆ ಸೇರಿದವು. ಅಲ್ಲಿ ವಾದವಿದೆ, ಪ್ರತಿವಾದವಿದೆ, ಇತ್ಯರ್ಥ ಅಪರೂಪ. ಅಧಿಗಣಿತದಲ್ಲಿ ಪ್ರಮೇಯಗಳಿವೆ. ಗಣಿತ ತನ್ನ ಬುನಾದಿಯನ್ನು ಕುರಿತ ಕೆಲವು ಪ್ರಶ್ನೆಗಳನ್ನು ತನ್ನದೇ ಖಚಿತತೆಯಿಂದ ಬಗೆಹರಿಸಿಕೊಂಡದ್ದು ಇಪ್ಪತ್ತನೆಯ ಶತಮಾನದ ದೊಡ್ಡ ಬೌದ್ಧಿಕ ಸಾಧನೆಗಳಲ್ಲಿ ಒಂದು.

ಎರಡು ನೆಲೆಗಳು

ಈ ಶಾಸ್ತ್ರದ ಜೀವಾಳ ಒಳಗೆ ಮತ್ತು ಹೊರಗೆ ಎಂಬ ಭೇದದಲ್ಲಿದೆ. ಎರಡೇ ಅಕ್ಷರಗಳ ಒಂದು ಪುಟ್ಟ ವ್ಯವಸ್ಥೆಯನ್ನು ಕಟ್ಟಿ ನೋಡೋಣ. ಅಕ್ಷರಗಳು ಕ ಮತ್ತು ನ. ಆರಂಭದಲ್ಲಿ ಕೈಯಲ್ಲಿರುವುದು ‘ಕ’ ಎಂಬ ಒಂದೇ ಸಾಲು. ಇದು ಈ ವ್ಯವಸ್ಥೆಯ ಸ್ವಯಂಸಿದ್ಧ. ನಿಯಮಗಳು ಎರಡು: ಸಿಕ್ಕಿರುವ ಯಾವುದೇ ಸಾಲಿನ ಮೊದಲಿಗೆ ‘ಕಕ’ ಸೇರಿಸಬಹುದು, ಕೊನೆಗೆ ‘ನನ’ ಸೇರಿಸಬಹುದು. ‘ಕಕಕನನ’ ಎರಡು ಹೆಜ್ಜೆಗಳಲ್ಲಿ ಸಿಗುತ್ತದೆ. ಹಾಗಾದರೆ ‘ಕಕನನ’?

ವ್ಯವಸ್ಥೆಯ ಒಳಗೇ ಕುಳಿತು ನಿಯಮಗಳನ್ನು ಎಷ್ಟು ಹೊತ್ತು ಪ್ರಯೋಗಿಸಿದರೂ ಈ ಪ್ರಶ್ನೆಗೆ ಉತ್ತರ ಹುಟ್ಟುವುದಿಲ್ಲ. ‘ಇನ್ನೂ ಸಿಕ್ಕಿಲ್ಲ’ ಎಂದಷ್ಟೇ ಹೇಳಬಹುದು. ಹೊರಗೆ ಬಂದು ನೋಡಿದರೆ ಉತ್ತರ ಒಂದು ಕ್ಷಣದ ಕೆಲಸ. ಆರಂಭದಲ್ಲಿ ಇರುವುದು ಒಂದು ಕ. ಅದು ಹೆಚ್ಚಿದರೆ ಎರಡೆರಡಾಗಿಯೇ ಹೆಚ್ಚುತ್ತದೆ. ಆದ್ದರಿಂದ ಕ-ಗಳ ಎಣಿಕೆ ಯಾವಾಗಲೂ ಬೆಸ. ‘ಕಕನನ’ದಲ್ಲಿ ಎರಡು ಕ ಇವೆ, ಅದು ಎಂದಿಗೂ ಸಿಗದು. ಈ ತೀರ್ಮಾನ ಕ ಮತ್ತು ನ-ಗಳ ಸಾಲಲ್ಲ, ಆ ಸಾಲುಗಳ ಬಗೆಗಿನ ಪ್ರಮೇಯ. ಇಂಥದ್ದಕ್ಕೆ ಅಧಿಪ್ರಮೇಯ ಎನ್ನುತ್ತಾರೆ. ‘ಕಕನನ’ದ ಜಾಗದಲ್ಲಿ ‘0 = 1’ ಎಂಬ ಸೂತ್ರವನ್ನೂ, ಪುಟ್ಟ ವ್ಯವಸ್ಥೆಯ ಜಾಗದಲ್ಲಿ ಇಡೀ ಅಂಕಗಣಿತವನ್ನೂ ಇಟ್ಟರೆ ಅಧಿಗಣಿತದ ಮೂಲ ಪ್ರಶ್ನೆ ಎದುರಾಗುತ್ತದೆ: ಈ ಸ್ವಯಂಸಿದ್ಧಗಳಿಂದ ಎಂದಾದರೂ ವಿರೋಧ ಹುಟ್ಟೀತೆ?

ಅಧ್ಯಯನಕ್ಕೆ ಒಳಪಟ್ಟ ಭಾಷೆಗೆ ವಸ್ತುಭಾಷೆ ಎಂದೂ, ಅಧ್ಯಯನ ನಡೆಸುವ ಭಾಷೆಗೆ ಅಧಿಭಾಷೆ ಎಂದೂ ಹೆಸರು. ವ್ಯಾಕರಣ ಬಲ್ಲವರಿಗೆ ಇದು ಹೊಸದಲ್ಲ. ಎರಡನೆಯ ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ ಕನ್ನಡದ ಲಕ್ಷಣವನ್ನು ಸಂಸ್ಕೃತ ಸೂತ್ರಗಳಲ್ಲಿ ಹೇಳುತ್ತದೆ. ಅಲ್ಲಿ ವಸ್ತುಭಾಷೆ ಕನ್ನಡ, ಅಧಿಭಾಷೆ ಸಂಸ್ಕೃತ. ಕೇಶಿರಾಜನ ‘ಶಬ್ದಮಣಿದರ್ಪಣ’ ಕನ್ನಡದ ಲಕ್ಷಣವನ್ನು ಕನ್ನಡ ಕಂದಗಳಲ್ಲೇ ಹೇಳುತ್ತದೆ; ಅಲ್ಲಿ ಎರಡೂ ಒಂದೇ. ಒಂದು ಭಾಷೆ ತನ್ನ ಬಗ್ಗೆ ತಾನೇ ಎಷ್ಟರ ಮಟ್ಟಿಗೆ ಮಾತಾಡಬಲ್ಲದು ಎಂಬ ಪ್ರಶ್ನೆ ಗಣಿತವನ್ನು ಬಹಳ ದೂರ ಕೊಂಡೊಯ್ದಿತು.

ಪದ ಹುಟ್ಟಿದ ಬಗೆ

ಈ ಪದ ಮೊದಲು ಬಳಕೆಗೆ ಬಂದದ್ದು ಬೇರೆ ಅರ್ಥದಲ್ಲಿ. ಯೂಕ್ಲಿಡ್‌ನ ಐದನೆಯ ಆಧಾರ ಪ್ರತಿಜ್ಞೆಯನ್ನು ಕೈಬಿಟ್ಟು ಲೊಬಚೆವ್‌ಸ್ಕಿ, ಬೊಲ್ಯಾಯ್, ರೀಮಾನ್ ಕಟ್ಟಿದ ಹೊಸ ರೇಖಾಗಣಿತಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಚರ್ಚೆಯಾಗುತ್ತಿದ್ದಾಗ, ಅವನ್ನು ಒಪ್ಪದವರು ಮೆಟಾಫಿಸಿಕ್ಸ್‌ನ ಜಾಡಿನಲ್ಲಿ ಅವಕ್ಕೆ ಈ ಹೆಸರಿಟ್ಟು ಮೂದಲಿಸಿದರು. ಎದುರಾಳಿಗಳು ಮೂದಲಿಕೆಗಾಗಿ ಕೊಟ್ಟ ಹೆಸರು ಇದು ಎಂದು ಹೆಲ್ಮ್‌ಹೋಲ್ಟ್ಸ್ 1870ರ ದಶಕದಲ್ಲೇ ಗುರುತಿಸಿದ್ದ.

ಹೆಸರು ನಿಂದೆಯದಾಗಿದ್ದರೂ ಕೆಲಸ ಆಗಲೇ ಅಧಿಗಣಿತದ ದಾರಿ ಹಿಡಿದಿತ್ತು. 1868ರಲ್ಲಿ ಬೆಲ್ಟ್ರಾಮಿ ಹೊಸ ರೇಖಾಗಣಿತಕ್ಕೆ ಯೂಕ್ಲಿಡ್‌ನ ರೇಖಾಗಣಿತದೊಳಗೇ ಒಂದು ಮಾದರಿಯನ್ನು ತೋರಿಸಿದ. ಹೊಸದರಲ್ಲಿ ವಿರೋಧವಿದ್ದರೆ ಹಳೆಯದರಲ್ಲೂ ಇರಬೇಕಾಗುತ್ತದೆ ಎಂಬುದು ಇದರ ತಾತ್ಪರ್ಯ. ಐದನೆಯ ಪ್ರತಿಜ್ಞೆಯನ್ನು ಉಳಿದವುಗಳಿಂದ ಸಾಧಿಸಲು ಎರಡು ಸಾವಿರ ವರ್ಷ ನಡೆದ ಪ್ರಯತ್ನ ಏಕೆ ಫಲಿಸಲಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು: ಅಂಥ ಸಾಧನೆ ಇಲ್ಲವೇ ಇಲ್ಲ. 1899ರಲ್ಲಿ ಡೇವಿಡ್ ಹಿಲ್ಬರ್ಟ್ ‘ರೇಖಾಗಣಿತದ ಆಧಾರಗಳು’ ಎಂಬ ಕೃತಿಯಲ್ಲಿ ಈ ವಿಧಾನವನ್ನು ಹುರಿಗೊಳಿಸಿ, ರೇಖಾಗಣಿತದ ಅವಿರೋಧವನ್ನು, ಎಂದರೆ ಅದರಲ್ಲಿ ವಿರೋಧ ಹುಟ್ಟದೆಂಬುದನ್ನು, ವಾಸ್ತವ ಸಂಖ್ಯೆಗಳ ಅವಿರೋಧದ ಮೇಲೆ ನಿಲ್ಲಿಸಿದ. ಸಂಖ್ಯೆಗಳ ಅವಿರೋಧವನ್ನು ಯಾವುದರ ಮೇಲೆ ನಿಲ್ಲಿಸುವುದು? 1900ರಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದ ಸಂದರ್ಭದಲ್ಲಿ ಅವನು ಮಂಡಿಸಿದ ಸಮಸ್ಯೆಗಳಲ್ಲಿ ಎರಡನೆಯದು ಇದೇ.

ಹಿಲ್ಬರ್ಟನ ಅರ್ಥ

ಪ್ರಶ್ನೆಗೆ ತುರ್ತು ಬಂದದ್ದು ಗಣ ಸಿದ್ಧಾಂತದಲ್ಲಿ ಕಂಡ ಬಿರುಕುಗಳಿಂದ. ಗಾಟ್‌ಲೋಬ್ ಫ್ರೆಗೆ ಅಂಕಗಣಿತವನ್ನು ಶುದ್ಧ ತರ್ಕದಿಂದ ಹೊರತೆಗೆಯುವ ಕೃತಿಯ ಎರಡನೆಯ ಸಂಪುಟವನ್ನು ಅಚ್ಚಿಗೆ ಕೊಟ್ಟಿದ್ದಾಗ, 1902ರ ಜೂನ್‌ನಲ್ಲಿ ಬರ್ಟ್ರಂಡ್ ರಸೆಲ್‌ನ ಪತ್ರ ಬಂತು. ತನ್ನನ್ನೇ ಸದಸ್ಯನಾಗಿ ಹೊಂದಿರದ ಎಲ್ಲ ಗಣಗಳ ಗಣವೊಂದನ್ನು ಊಹಿಸಿದರೆ, ಅದು ತನ್ನ ಸದಸ್ಯ ಹೌದೆಂದರೂ ಅಲ್ಲವೆಂದರೂ ವಿರೋಧ ಬರುತ್ತದೆ ಎಂದು ಪತ್ರ ತೋರಿಸಿತು. ಫ್ರೆಗೆಯ ಒಂದು ಸ್ವಯಂಸಿದ್ಧ ಅಂಥ ಗಣಕ್ಕೆ ಎಡೆ ಕೊಟ್ಟಿತ್ತು. ರಸೆಲ್ ಮತ್ತು ವೈಟ್‌ಹೆಡ್ 1910ರಿಂದ 1913ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ ‘ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ’ ಬಿರುಕನ್ನು ಮುಚ್ಚಲು ಹೊರಟ ಮಹಾಗ್ರಂಥ. ಇತ್ತ ಆಮ್‌ಸ್ಟರ್‌ಡ್ಯಾಮಿನ ಬ್ರೌವರ್ ಅನಂತ ಗಣಗಳ ವಿಚಾರದಲ್ಲಿ ‘ಹೌದು ಇಲ್ಲವೇ ಅಲ್ಲ, ಮೂರನೆಯದಿಲ್ಲ’ ಎಂಬ ತರ್ಕನಿಯಮವನ್ನೇ ಒಪ್ಪದೆ, ರೂಢಿಯ ಗಣಿತದ ಬಹುಭಾಗವನ್ನು ಕೈಬಿಡಬೇಕೆಂದು ವಾದಿಸಿದ.

ಹಿಲ್ಬರ್ಟ್ ಗಣಿತದ ಯಾವ ಭಾಗವನ್ನೂ ಬಿಟ್ಟುಕೊಡಲು ಸಿದ್ಧನಿರಲಿಲ್ಲ. ಅವನು ಹೂಡಿದ ಉಪಾಯ ಎರಡು ಹಂತಗಳದ್ದು. ಮೊದಲು, ಗಣಿತವನ್ನೆಲ್ಲ ಅರ್ಥದ ಹಂಗಿಲ್ಲದ ಸಂಕೇತಗಳ ರೂಪನಿಷ್ಠ ವ್ಯವಸ್ಥೆಯಾಗಿ ಬರೆಯುವುದು. ಆಗ ಒಂದು ಸಾಧನೆ ಎಂದರೆ ಕಾಗದದ ಮೇಲಿನ ಸಾಂತವಾದ ಸಂಕೇತಮಾಲೆ. ಅದು ಅನಂತ ಗಣಗಳ ಬಗ್ಗೆ ಮಾತಾಡುತ್ತಿದ್ದರೂ ತಾನು ಮಾತ್ರ ಕಣ್ಣಿಗೆ ಕಾಣುವ ಪರಿಮಿತ ವಸ್ತು. ಎರಡನೆಯದಾಗಿ, ಈ ಸಂಕೇತಮಾಲೆಗಳ ಬಗ್ಗೆ ಬ್ರೌವರನೂ ತಕರಾರು ತೆಗೆಯಲಾಗದ ಸರಳ, ಸಾಂತ ವಿಚಾರದಿಂದ, ಯಾವ ಮಾಲೆಯೂ ‘0 = 1’ರಲ್ಲಿ ಮುಗಿಯದೆಂದು ತೋರಿಸುವುದು. ಈ ಎರಡನೆಯ ಕೆಲಸಕ್ಕೆ 1922ರಲ್ಲಿ ಪ್ರಕಟವಾದ ಲೇಖನದಲ್ಲಿ ಅವನು ಅಧಿಗಣಿತ ಎಂಬ ಹೆಸರಿಟ್ಟ. ಸಾಧನಾ ಸಿದ್ಧಾಂತ ಎಂಬುದು ಅವನೇ ಬಳಸಿದ ಇನ್ನೊಂದು ಹೆಸರು.

ಹಿಲ್ಬರ್ಟನ ಬಳಕೆಯಲ್ಲಿ ಈ ಪದಕ್ಕೆ ಕಟ್ಟುನಿಟ್ಟಾದ ಮೇರೆಯಿದೆ. ಅಧ್ಯಯನದ ವಸ್ತು ರೂಪನಿಷ್ಠ ವ್ಯವಸ್ಥೆಯಾಗಿರಬೇಕು, ವಿಧಾನ ಸಾಂತವಾಗಿರಬೇಕು, ಗುರಿ ಅವಿರೋಧದ ಸಾಧನೆ. ಅವನನ್ನು ಗಣಿತವನ್ನು ಸಂಕೇತಗಳ ಆಟವಾಗಿಸಿದವನೆಂದು ಇಂದಿಗೂ ಹೇಳುವವರಿದ್ದಾರೆ. ಇದು ಅವನಿಗೆ ಮಾಡುವ ಅನ್ಯಾಯ. ಅರ್ಥವನ್ನು ತಾತ್ಕಾಲಿಕವಾಗಿ ಬದಿಗಿಟ್ಟದ್ದು ಅರ್ಥಪೂರ್ಣ ಗಣಿತವನ್ನು ಉಳಿಸಿಕೊಳ್ಳುವುದಕ್ಕಾಗಿಯೇ. ಅಧಿಗಣಿತದ ನೆಲೆಯಲ್ಲಿ ಪ್ರತಿಯೊಂದು ಮಾತಿಗೂ ಅರ್ಥವಿತ್ತು, ಇರಲೇಬೇಕಿತ್ತು.

ಗೋಡಲ್

1930ರ ಸೆಪ್ಟೆಂಬರ್ 7ರಂದು ಕ್ಯೋನಿಗ್ಸ್‌ಬರ್ಗಿನ ಒಂದು ಗೋಷ್ಠಿಯ ಚರ್ಚೆಯಲ್ಲಿ, ವಿಯೆನ್ನಾದಿಂದ ಬಂದಿದ್ದ 24 ವರ್ಷದ ಕರ್ಟ್ ಗೋಡಲ್ ಕೆಲವೇ ವಾಕ್ಯಗಳಲ್ಲಿ ತನ್ನ ಫಲಿತಾಂಶವನ್ನು ತಿಳಿಸಿದ. ಅದೇ ಊರಿನಲ್ಲಿ ಮರುದಿನ ಹಿಲ್ಬರ್ಟ್ ಗಣಿತದಲ್ಲಿ ತಿಳಿಯಲಾಗದ್ದು ಯಾವುದೂ ಇಲ್ಲವೆಂಬ ತನ್ನ ಪ್ರಸಿದ್ಧ ಭಾಷಣ ಮಾಡಿದ. ಗೋಡಲ್‌ನ ಮಾತಿನ ತೂಕವನ್ನು ಸಭೆಯಲ್ಲಿ ಕೂಡಲೇ ಗ್ರಹಿಸಿದವನು ಜಾನ್ ಫಾನ್ ನಾಯ್ಮನ್.

ಗೋಡಲ್ ಮಾಡಿದ್ದು ಅಧಿಗಣಿತವನ್ನು ಅಂಕಗಣಿತದೊಳಗೆ ಇಳಿಸುವ ಕೆಲಸ. ಪ್ರತಿ ಸಂಕೇತಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿ, ಸಂಕೇತಗಳ ಸಾಲನ್ನು ಅವಿಭಾಜ್ಯ ಸಂಖ್ಯೆಗಳ ಘಾತಗಳಿಂದ ಒಂದೇ ಸಂಖ್ಯೆಯಾಗಿಸಬಹುದು. ಮೂರು ಸಂಕೇತಗಳ ಸಂಖ್ಯೆಗಳು ಕ್ರಮವಾಗಿ 1, 5, 3 ಎಂದುಕೊಳ್ಳಿ. 2ರ ಒಂದನೆಯ ಘಾತ, 3ರ ಐದನೆಯ ಘಾತ, 5ರ ಮೂರನೆಯ ಘಾತ ಇವುಗಳ ಗುಣಲಬ್ಧ 2 × 243 × 125 = 60750. ಈ ಸಂಖ್ಯೆಯನ್ನು ಮತ್ತೆ ಅಪವರ್ತಿಸಿದರೆ 1, 5, 3 ಹಾಗೆಯೇ ಹೊರಬರುತ್ತವೆ. ಸಂಖ್ಯೆಯಿಂದ ಸೂತ್ರ, ಸೂತ್ರದಿಂದ ಸಂಖ್ಯೆ, ಎಲ್ಲೂ ಗೊಂದಲವಿಲ್ಲ. ಇದೇ ರೀತಿ ಇಡೀ ಸಾಧನೆಗೂ ಒಂದು ಸಂಖ್ಯೆ. ‘ಈ ಮಾಲೆ ಆ ಸೂತ್ರದ ಸಾಧನೆ’ ಎಂಬ ಅಧಿಗಣಿತದ ಸಂಬಂಧ ಈಗ ಎರಡು ಸಂಖ್ಯೆಗಳ ನಡುವಿನ ಲೆಕ್ಕದ ಸಂಬಂಧವಾಗುತ್ತದೆ, ಅಂಕಗಣಿತ ಅದನ್ನು ತನ್ನ ಸೂತ್ರಗಳಲ್ಲೇ ಬರೆಯಬಲ್ಲುದಾಗುತ್ತದೆ.

ಹೀಗೆ ತನ್ನ ಬಗ್ಗೆ ಮಾತಾಡಲು ಕಲಿತ ಅಂಕಗಣಿತದಲ್ಲಿ ಗೋಡಲ್ ಒಂದು ವಾಕ್ಯವನ್ನು ರಚಿಸಿದ. ಅದು ತನಗೆ ಈ ವ್ಯವಸ್ಥೆಯಲ್ಲಿ ಸಾಧನೆ ಇಲ್ಲವೆಂದು ಹೇಳುತ್ತದೆ. ವ್ಯವಸ್ಥೆ ಅವಿರೋಧವಾಗಿದ್ದರೆ ಅದನ್ನು ಸಾಧಿಸಲಾಗದು. ಅದರ ನಿಷೇಧವನ್ನೂ ಸಾಧಿಸಲಾಗದೆಂದು ತೋರಿಸಲು ಗೋಡಲ್ ಅವಿರೋಧಕ್ಕಿಂತ ತುಸು ಬಿಗಿಯಾದ ಷರತ್ತನ್ನು ಇಟ್ಟುಕೊಂಡಿದ್ದ. ಬರಿಯ ಅವಿರೋಧವೇ ಸಾಕಾಗುವಂತೆ 1936ರಲ್ಲಿ ರಾಸರ್ ವಾದವನ್ನು ತಿದ್ದಿದ. 1931ರಲ್ಲಿ ಪ್ರಕಟವಾದ ಗೋಡಲ್‌ನ ಲೇಖನದಲ್ಲಿ ಎರಡನೆಯ ಪ್ರಮೇಯವೂ ಇದೆ: ಇಂಥ ವ್ಯವಸ್ಥೆ ಅವಿರೋಧವಾಗಿದ್ದರೆ ತನ್ನ ಅವಿರೋಧವನ್ನು ತಾನೇ ಸಾಧಿಸಲಾರದು. ಫಾನ್ ನಾಯ್ಮನ್ ಕೂಡ ಈ ಎರಡನೆಯದನ್ನು ಸ್ವತಂತ್ರವಾಗಿ ಕಂಡುಕೊಂಡು 1930ರ ನವೆಂಬರಿನಲ್ಲಿ ಗೋಡಲ್‌ಗೆ ಬರೆದ. ಅಷ್ಟರಲ್ಲಿ ಗೋಡಲ್ ಅದನ್ನು ತಲುಪಿಯಾಗಿತ್ತು.

ಗಣಿತವನ್ನೆಲ್ಲ ಸಾಂತ ವಿಧಾನದಿಂದ ಒಮ್ಮೆಗೇ ಭದ್ರಪಡಿಸುವ ಯೋಜನೆ ತನ್ನ ಮೂಲರೂಪದಲ್ಲಿ ನಿಲ್ಲಲಿಲ್ಲ ಎಂಬುದು ಇಂದು ಬಹುಪಾಲು ಎಲ್ಲರೂ ಒಪ್ಪುವ ಮಾತು. ಅಧಿಗಣಿತ ಸೋತಿತು ಎನ್ನುವುದು ಮಾತ್ರ ತಪ್ಪು ಓದು. ಒಳಗು ಹೊರಗುಗಳನ್ನು ಹಿಲ್ಬರ್ಟ್ ಬೇರ್ಪಡಿಸಿ, ‘ಸಾಧನೆ’ ಎಂಬುದಕ್ಕೆ ಖಚಿತ ವ್ಯಾಖ್ಯೆ ಕೊಡದೇ ಹೋಗಿದ್ದರೆ ಗೋಡಲ್‌ನ ಪ್ರಮೇಯವನ್ನು ಹೇಳುವುದಕ್ಕೇ ಮಾತಿರುತ್ತಿರಲಿಲ್ಲ. ಅದು ಹಿಲ್ಬರ್ಟ್ ಕಟ್ಟಿದ ಶಾಸ್ತ್ರದ ಅತ್ಯುನ್ನತ ಫಲ. ಅವನ ಕಣ್ಣಿಗೆ ಕಂಡ ನಿಷ್ಠುರವಾದ ಪ್ರಶ್ನೆಗೆ ಅವನದೇ ಸಾಧನಗಳಿಂದ ಬಂದ ನಿಷ್ಠುರವಾದ ಉತ್ತರ.

ಪ್ರಮೇಯದ ಷರತ್ತುಗಳನ್ನು ಮರೆತು ಆಡುವ ಮಾತುಗಳೂ ಬಹಳ. ಸಾಧಿಸಲೂ ಅಲ್ಲಗಳೆಯಲೂ ಆಗದ ವಾಕ್ಯ ಉಳಿಯುವ ಈ ಅಪೂರ್ಣತೆ ಎಲ್ಲ ವ್ಯವಸ್ಥೆಗಳಿಗೂ ಅಂಟಿದ ಗುಣವಲ್ಲ. ಸಂಕಲನ ಮಾತ್ರ ಇರುವ ಅಂಕಗಣಿತ ಪೂರ್ಣವೂ ನಿರ್ಣೇಯವೂ ಹೌದೆಂದು ಪ್ರೆಸ್‌ಬರ್ಗರ್ 1929ರಲ್ಲೇ ತೋರಿಸಿದ್ದ. ವಾಸ್ತವ ಸಂಖ್ಯೆಗಳ ಪ್ರಾಥಮಿಕ ಬೀಜಗಣಿತಕ್ಕೂ, ಅದರಿಂದಾಗಿ ಶಾಲೆಯಲ್ಲಿ ಕಲಿಸುವ ರೇಖಾಗಣಿತದ ಪ್ರಾಥಮಿಕ ಭಾಗಕ್ಕೂ, ಇದೇ ಗುಣವಿದೆ ಎಂಬುದು ಟಾರ್‌ಸ್ಕಿಯ ಫಲಿತಾಂಶ. ಸಂಕಲನ, ಗುಣಾಕಾರ ಎರಡೂ ಕೂಡಿದ ಸ್ವಾಭಾವಿಕ ಸಂಖ್ಯೆಗಳಲ್ಲಿ ಪರಿಸ್ಥಿತಿ ಬದಲಾಗುತ್ತದೆ. ಮನುಷ್ಯನ ಮನಸ್ಸಿನ ಬಗ್ಗೆಯೋ ದೇವರ ಬಗ್ಗೆಯೋ ಗೋಡಲ್‌ನ ಹೆಸರಿನಲ್ಲಿ ಹೇಳುವ ನಿರ್ಣಯಗಳು ಪ್ರಮೇಯದಲ್ಲಿ ಇಲ್ಲ.

ಅರ್ಥ ಹಿಗ್ಗಿದ್ದು

ಮೊದಲು ಸಡಿಲಗೊಂಡದ್ದು ‘ಸಾಂತ ವಿಧಾನ ಮಾತ್ರ’ ಎಂಬ ಕಟ್ಟು. 1936ರಲ್ಲಿ ಗೆರ್ಹಾರ್ಡ್ ಗೆಂಟ್ಸೆನ್ ಅಂಕಗಣಿತದ ಅವಿರೋಧವನ್ನು ಸಾಧಿಸಿದ. ಅದಕ್ಕಾಗಿ ಎಪ್ಸಿಲಾನ್-ಸೊನ್ನೆ ಎಂಬ ಅನಂತ ಕ್ರಮಸಂಖ್ಯೆಯವರೆಗಿನ ಅನುಗಮನವನ್ನು ಬಳಸಿದ; ಇದು ಅಂಕಗಣಿತದ ಒಳಗೆ ಸಾಧಿಸಲಾಗದ ತತ್ತ್ವ, ಆದ್ದರಿಂದ ಗೋಡಲ್‌ಗೆ ವಿರೋಧವಿಲ್ಲ. ಒಂದು ಸಿದ್ಧಾಂತದ ಬಲವನ್ನು ಇಂಥ ಕ್ರಮಸಂಖ್ಯೆಯಿಂದ ಅಳೆಯುವ ಪದ್ಧತಿ ಇಲ್ಲಿಂದ ಮೊದಲಾಯಿತು. ಯೂರೋಪಿನಲ್ಲಿ ಎರಡನೆಯ ಮಹಾಯುದ್ಧ ಮುಗಿದ ಕೆಲವು ತಿಂಗಳಲ್ಲಿ, 1945ರಲ್ಲಿ, ಗೆಂಟ್ಸೆನ್ ಪ್ರಾಗ್‌ನ ಸೆರೆಯಲ್ಲಿ ತೀರಿಕೊಂಡ. ವಯಸ್ಸು 35.

ವಾರ್ಸಾದ ಆಲ್‌ಫ್ರೆಡ್ ಟಾರ್‌ಸ್ಕಿ ಈ ಪದಕ್ಕೆ ಇನ್ನೂ ದೊಡ್ಡ ಹರವು ಕೊಟ್ಟ. ಅವನ ದೃಷ್ಟಿಯಲ್ಲಿ ಅಧಿಗಣಿತವೂ ಗಣಿತದ ಉಳಿದ ಶಾಖೆಗಳಂತೆ ಒಂದು ಶಾಖೆ. ಅದಕ್ಕೆ ಗಣ ಸಿದ್ಧಾಂತವನ್ನೋ ಅನಂತವನ್ನೋ ನಿಷೇಧಿಸಬೇಕಾದ ಕಾರಣವಿಲ್ಲ. ಸೂತ್ರಗಳ ಸಾಧನೆಯ ಜೊತೆಗೆ ಅವುಗಳ ಸತ್ಯವನ್ನೂ ಅವನು ಚರ್ಚೆಗೆ ತಂದ. ಅಂಕಗಣಿತದ ಸತ್ಯವಾಕ್ಯಗಳ ಗಣವನ್ನು ಅಂಕಗಣಿತದ ಭಾಷೆಯಲ್ಲೇ ವ್ಯಾಖ್ಯಾನಿಸಲಾಗದು, ಅದಕ್ಕೆ ಮೇಲಿನ ಭಾಷೆ ಬೇಕು ಎಂಬುದು ಅವನ ಪ್ರಸಿದ್ಧ ಪ್ರಮೇಯ. 1956ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವನ ಪ್ರಬಂಧಗಳ ಸಂಪುಟದ ಶೀರ್ಷಿಕೆಯಲ್ಲೇ ತರ್ಕ, ಅರ್ಥವಿಜ್ಞಾನ, ಅಧಿಗಣಿತ ಮೂರೂ ಪಕ್ಕಪಕ್ಕದಲ್ಲಿವೆ.

ಇದಾದ ಮೇಲೆ ಎರಡೂ ಬಳಕೆಗಳು ಜೊತೆಜೊತೆಗೆ ನಡೆದಿವೆ. ಸ್ಟೀಫನ್ ಕ್ಲೀನೆ 1952ರಲ್ಲಿ ಬರೆದ ‘ಅಧಿಗಣಿತ ಪ್ರವೇಶಿಕೆ’ ಒಂದು ತಲೆಮಾರಿನ ತರ್ಕಶಾಸ್ತ್ರಜ್ಞರನ್ನು ತಯಾರು ಮಾಡಿದ ಪುಸ್ತಕ. ಅದು ಹಿಲ್ಬರ್ಟನ ಇಕ್ಕಟ್ಟಾದ ಅರ್ಥಕ್ಕೆ ಹತ್ತಿರ. ಅದಕ್ಕೂ ಒಂದು ವರ್ಷ ಮೊದಲು ಅಬ್ರಹಾಂ ರಾಬಿನ್ಸನ್ ‘ಬೀಜಗಣಿತದ ಅಧಿಗಣಿತ’ವನ್ನು ಕುರಿತು ಪ್ರಕಟಿಸಿದ ಕೃತಿ ಟಾರ್‌ಸ್ಕಿಯ ಕಡೆಗಿದೆ: ಅಲ್ಲಿ ತರ್ಕದ ಪ್ರಮೇಯಗಳಿಂದ ಬೀಜಗಣಿತಕ್ಕೇ ಹೊಸ ಫಲ ತೆಗೆಯುವ ಉತ್ಸಾಹ ಎದ್ದು ಕಾಣುತ್ತದೆ. ಇದೇ ಮುಂದೆ ಮಾದರಿ ಸಿದ್ಧಾಂತವಾಗಿ ಬೆಳೆಯಿತು. ಅಲೊಂಜೊ ಚರ್ಚ್ ಮತ್ತು ಅಲನ್ ಟ್ಯೂರಿಂಗ್ 1936ರಲ್ಲಿ, ಯಾವ ಸೂತ್ರ ತರ್ಕಸಿದ್ಧ ಎಂದು ತೀರ್ಮಾನಿಸುವ ಯಾಂತ್ರಿಕ ವಿಧಾನ ಸಾಧ್ಯವಿಲ್ಲವೆಂದು ಬೇರೆಬೇರೆಯಾಗಿ ತೋರಿಸಿದರು. ಆ ಸಂದರ್ಭದಲ್ಲಿ ಟ್ಯೂರಿಂಗ್ ಕಲ್ಪಿಸಿಕೊಂಡ ಯಂತ್ರವೇ ಕಂಪ್ಯೂಟರ್ ವಿಜ್ಞಾನದ ತಳಹದಿ. ಗಣಿತದ ಬುನಾದಿಯ ಒಂದು ಪ್ರಶ್ನೆಯಿಂದ ಹುಟ್ಟಿದ ಯಂತ್ರಕಲ್ಪನೆ ಅದು ಎಂಬುದನ್ನು ನಮ್ಮ ಎಂಜಿನಿಯರಿಂಗ್ ಪಠ್ಯಗಳು ಇನ್ನಷ್ಟು ಒತ್ತಿ ಹೇಳಬೇಕು.

ಸಾಧಿಸಲಾಗದ್ದನ್ನು ಸಾಧಿಸುವುದು

ಸ್ವಾಭಾವಿಕ ಸಂಖ್ಯೆಗಳ ಅನಂತಕ್ಕೂ ವಾಸ್ತವ ಸಂಖ್ಯೆಗಳ ಅನಂತಕ್ಕೂ ನಡುವೆ ಇನ್ನೊಂದು ಗಾತ್ರ ಇಲ್ಲ ಎಂಬುದು ಕ್ಯಾಂಟರನ ಸಾತತ್ಯ ಊಹೆ. ಗಣ ಸಿದ್ಧಾಂತದ ರೂಢಿಯ ಸ್ವಯಂಸಿದ್ಧಗಳು ಅವಿರೋಧವಾಗಿದ್ದರೆ ಅವುಗಳಿಂದ ಈ ಊಹೆಯನ್ನು ಅಲ್ಲಗಳೆಯಲಾಗದೆಂದು ಗೋಡಲ್ 1930ರ ದಶಕದ ಕೊನೆಯಲ್ಲಿ ತೋರಿಸಿದ. ಸಾಧಿಸಲೂ ಆಗದೆಂದು ಪಾಲ್ ಕೊಹೆನ್ 1963ರಲ್ಲಿ ತೋರಿಸಿ, 1966ರಲ್ಲಿ ಫೀಲ್ಡ್ಸ್ ಪದಕ ಪಡೆದ.

ಸಾತತ್ಯ ಊಹೆ ಬಹಳ ಎತ್ತರದ ಅನಂತದ ವಿಚಾರ. ಸಾಮಾನ್ಯ ಎಣಿಕೆಯ ಸಂಖ್ಯೆಗಳಲ್ಲೂ ಇಂಥದ್ದು ಸಿಗುತ್ತದೆಯೆ ಎಂದು ಕೇಳುವವರಿಗೆ ಗುಡ್‌ಸ್ಟೈನ್ ಶ್ರೇಣಿಯೇ ಉತ್ತರ. 4 ಎಂಬ ಸಂಖ್ಯೆಯನ್ನು 2ರ ಆಧಾರದಲ್ಲಿ 2ರ 2ನೆಯ ಘಾತ ಎಂದು ಬರೆಯಿರಿ. ಎಲ್ಲ 2ಗಳನ್ನೂ 3 ಮಾಡಿ, 1 ಕಳೆಯಿರಿ: 27 ಹೋಗಿ 26 ಆಗುತ್ತದೆ. 26ನ್ನು 3ರ ಆಧಾರದಲ್ಲಿ ಬರೆದು, 3ಗಳನ್ನು 4 ಮಾಡಿ, 1 ಕಳೆದರೆ 41. ಮುಂದೆ 60, ಆಮೇಲೆ 83. ಆಧಾರ ಪ್ರತಿ ಹೆಜ್ಜೆಗೂ ಏರುತ್ತದೆ, ಕಳೆಯುವುದು ಒಂದೇ ಒಂದು. ಸಂಖ್ಯೆಗಳು ಬೆಳೆಯುತ್ತಲೇ ಹೋಗುತ್ತವೆಂದು ಯಾರಿಗಾದರೂ ಅನಿಸಬೇಕು. ಆದರೆ ಯಾವ ಸಂಖ್ಯೆಯಿಂದ ಆರಂಭಿಸಿದರೂ ಶ್ರೇಣಿ ಕೊನೆಗೆ ಸೊನ್ನೆ ಮುಟ್ಟಿಯೇ ತೀರುತ್ತದೆ ಎಂದು ಗುಡ್‌ಸ್ಟೈನ್ 1944ರಲ್ಲಿ ಸಾಧಿಸಿದ. 4ರಿಂದ ಹೊರಟದ್ದು ಸೊನ್ನೆಗೆ ಬರಲು ಬೇಕಾದ ಹೆಜ್ಜೆಗಳ ಎಣಿಕೆಯನ್ನು ಬರೆಯಲು 12 ಕೋಟಿಗೂ ಹೆಚ್ಚು ಅಂಕೆಗಳು ಬೇಕು. ಗುಡ್‌ಸ್ಟೈನ್‌ನ ಸಾಧನೆ ಅನಂತ ಕ್ರಮಸಂಖ್ಯೆಗಳನ್ನು ಬಳಸುತ್ತದೆ. ಆ ಬಳಕೆ ಅನಿವಾರ್ಯ, ಪೆಯಾನೊನ ಸ್ವಯಂಸಿದ್ಧಗಳಷ್ಟರಿಂದಲೇ ಈ ಪ್ರಮೇಯವನ್ನು ಸಾಧಿಸಲಾಗದು ಎಂದು 1982ರಲ್ಲಿ ಕರ್ಬಿ ಮತ್ತು ಪ್ಯಾರಿಸ್ ತೋರಿಸಿದರು. ಗೆಂಟ್ಸೆನ್ ಗುರುತಿಸಿದ ಎಪ್ಸಿಲಾನ್-ಸೊನ್ನೆಯೇ ಇಲ್ಲೂ ಗಡಿ. ಕೇವಲ ಕೂಡುವ, ಗುಣಿಸುವ, ಕಳೆಯುವ ಒಂದು ಕ್ರಿಯೆಯ ಹಿಂದೆ ಇಷ್ಟು ಆಳ ಅಡಗಿರುವುದು ವಿಸ್ಮಯದ ಸಂಗತಿ.

1970ರ ದಶಕದಲ್ಲಿ ಹಾರ್ವಿ ಫ್ರೀಡ್‌ಮನ್ ಆರಂಭಿಸಿದ ವಿಲೋಮ ಗಣಿತ ಈ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತದೆ: ಪ್ರಮೇಯ ಗೊತ್ತಿದೆ, ಅದಕ್ಕೆ ಕನಿಷ್ಠ ಎಷ್ಟು ಸ್ವಯಂಸಿದ್ಧಗಳು ಬೇಕು? ದಿನಬಳಕೆಯ ಗಣಿತದ ಅಚ್ಚರಿ ಹುಟ್ಟಿಸುವಷ್ಟು ದೊಡ್ಡ ಪಾಲು ಬಲದಲ್ಲಿ ಏರುತ್ತ ಹೋಗುವ ಐದೇ ವ್ಯವಸ್ಥೆಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ.

ಇಂದಿನ ಬಳಕೆ

ಇಂದು ಗಣಿತೀಯ ತರ್ಕಶಾಸ್ತ್ರ ಎಂಬ ಹೆಸರು ಮುಂದೆ ಬಂದಿದೆ. ಅದರೊಳಗೆ ಸಾಧನಾ ಸಿದ್ಧಾಂತ, ಮಾದರಿ ಸಿದ್ಧಾಂತ, ಗಣ ಸಿದ್ಧಾಂತ, ಗಣನೀಯತಾ ಸಿದ್ಧಾಂತ ಎಂಬ ನಾಲ್ಕು ಶಾಖೆಗಳು ತಮ್ಮತಮ್ಮ ಪಾಡಿಗೆ ಬೆಳೆದಿವೆ. ಅಧಿಗಣಿತ ಎಂಬ ಪದ ಒಂದು ನಿರ್ದಿಷ್ಟ ಸಿದ್ಧಾಂತದ ಹೆಸರಿನೊಂದಿಗೆ ಸೇರಿ ಹೆಚ್ಚು ಕಾಣುತ್ತದೆ: ಅಂಕಗಣಿತದ ಅಧಿಗಣಿತ, ಗಣ ಸಿದ್ಧಾಂತದ ಅಧಿಗಣಿತ ಎಂಬಂತೆ. ಹಾಯೆಕ್ ಮತ್ತು ಪುಡ್ಲಾಕ್ 1993ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದ ಶೀರ್ಷಿಕೆ ಈ ಬಗೆಯದು. ಈ ಪ್ರಯೋಗವೇ ಸರಿಯಾದದ್ದು. ಯಾವುದರ ಅಧಿಗಣಿತ ಎಂದು ಹೇಳಿದಾಗ ವಸ್ತುಭಾಷೆ ಯಾವುದು ಎಂಬ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟಂತಾಗುತ್ತದೆ. ಗಣಿತ ಬೋಧನೆ, ಗಣಿತದ ಇತಿಹಾಸ, ಗಣಿತಜ್ಞರ ಮನೋವ್ಯಾಪಾರ ಇವನ್ನೆಲ್ಲ ಈ ಪದದೊಳಗೆ ತರುವ ಸಡಿಲ ಬಳಕೆಯನ್ನು ಬಿಡುವುದು ಒಳ್ಳೆಯದು.

ಹಿಲ್ಬರ್ಟ್ ತಾತ್ತ್ವಿಕವಾಗಿ ಮಾತ್ರ ಬಯಸಿದ್ದ ಪೂರ್ಣ ರೂಪನಿಷ್ಠ ಸಾಧನೆಗಳು ಈಗ ಕಂಪ್ಯೂಟರಿನಲ್ಲಿ ನಿಜವಾಗಿಯೂ ಬರೆಯಲ್ಪಡುತ್ತಿವೆ. ನಾಲ್ಕು ಬಣ್ಣಗಳ ಪ್ರಮೇಯದ ಪೂರ್ಣ ಸಾಧನೆಯನ್ನು ಜಾರ್ಜ್ ಗಾಂತಿಯೆ 2005ರಲ್ಲಿ ಕಾಕ್ ಎಂಬ ತಂತ್ರಾಂಶದಲ್ಲಿ ಮುಗಿಸಿದ. ಗೋಳಗಳನ್ನು ಒತ್ತಾಗಿ ಜೋಡಿಸುವ ಕುರಿತ ಕೆಪ್ಲರ್ ಊಹೆಯ ಸಾಧನೆಯನ್ನು ಥಾಮಸ್ ಹೇಲ್ಸ್‌ನ ತಂಡ 2014ರಲ್ಲಿ ಪೂರ್ಣಗೊಳಿಸಿತು. ಪೀಟರ್ ಶೋಲ್ಟ್ಸ 2020ರ ಕೊನೆಯಲ್ಲಿ ಮುಂದಿಟ್ಟ ತನ್ನದೊಂದು ಕಠಿಣ ಪ್ರಮೇಯವನ್ನು ಲೀನ್ ತಂತ್ರಾಂಶ ಬಳಸುವ ಗಣಿತಜ್ಞರು 2022ರಲ್ಲಿ ಪರಿಶೀಲಿಸಿ ಮುಗಿಸಿದರು. ನಾರ್ಮನ್ ಮೆಗಿಲ್ ರಚಿಸಿದ ಮೆಟಾಮ್ಯಾತ್ ಎಂಬ ವ್ಯವಸ್ಥೆಯಂತೂ ಹೆಸರಿನಲ್ಲೇ ಈ ಪದವನ್ನು ಹೊತ್ತಿದೆ. ಅದರ ಸಾಧನೆಗಳ ಪ್ರತಿ ಹೆಜ್ಜೆಯೂ ಒಂದು ಸಂಕೇತದ ಜಾಗದಲ್ಲಿ ಇನ್ನೊಂದು ಸಂಕೇತಮಾಲೆಯನ್ನು ಇಡುವ ಒಂದೇ ಬಗೆಯ ಕ್ರಿಯೆ.

ಇಂಥ ತಂತ್ರಾಂಶವೂ ಗೋಡಲ್‌ನ ಎರಡನೆಯ ಪ್ರಮೇಯದಿಂದ ಹೊರತಲ್ಲ. ತಾನು ಆಧರಿಸಿದ ಸ್ವಯಂಸಿದ್ಧಗಳು ಅವಿರೋಧವೆಂದು ಅವುಗಳೊಳಗೇ ನಿಂತು ಅದು ಪ್ರಮಾಣಿಸಲಾರದು. ಅದು ಕೊಡುವ ಭರವಸೆ ಬೇರೆ: ಈ ನಿರ್ದಿಷ್ಟ ಮಾಲೆ ಈ ನಿಯಮಗಳ ಪ್ರಕಾರ ಸರಿಯಾಗಿದೆ ಎಂಬುದಷ್ಟೇ. ಆ ಭರವಸೆಯನ್ನು ಬಿಗಿಗೊಳಿಸಲು, ಪರಿಶೀಲನೆ ನಡೆಸುವ ತಿರುಳನ್ನು ಮನುಷ್ಯರು ಓದಿ ಒಪ್ಪಬಹುದಾದಷ್ಟು ಚಿಕ್ಕದಾಗಿ ಇಡುತ್ತಾರೆ; ಮೆಟಾಮ್ಯಾತ್‌ನ ಸಾಧನೆಗಳನ್ನು ಬೇರೆಬೇರೆ ಜನ ಬೇರೆಬೇರೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸ್ವತಂತ್ರವಾಗಿ ಬರೆದ ಹಲವು ಪರಿಶೀಲಕಗಳಿಂದ ಓಡಿಸಿ ನೋಡುತ್ತಾರೆ.